ಪುಣೆಯ ಪಗಾರ

೧೦ ಜೂನ್ ೨೦೨೩, ಶನಿವಾರ

ಬೀರದೇವಣ್ಣನಿಗೆ ಇವತ್ತು ಹೇಳಿಯೇಬಿಟ್ಟೆ, ಈ ತಿಂಗಳು ಮುಗಿದ ಮೇಲೆ ನಿಮ್ಮ ಲ್ಯಾಬಿಗೆ ಬರುವುದಿಲ್ಲ ಎಂದು. ಹೇಳಿದ ಮೇಲೆ ಹಸಿವು ಹತ್ತಿತು. ಚಿಕ್ಕೋಡಿ ಬಸ್‌ಸ್ಟ್ಯಾಂಡಿನ ಎದುರು ಎರಡು ಪ್ಲೇಟ್ ಮಿರ್ಚಿ ತಿಂದೆ.

ಐದು ವರ್ಷ ಅವರ ಕೈಕೆಳಗೆ ಹಲ್ಲು ಮಾಡಿದ್ದೇನೆ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ನಾವು ಅದಕ್ಕೆ ಸರಿಯಾಗಿ ಹಲ್ಲು ಕಟ್ಟಿ ಕೊಡುತ್ತೇವೆ. ಪೇಶಂಟು ನಮ್ಮ ಮುಖ ಯಾವತ್ತೂ ನೋಡುವುದಿಲ್ಲ. ನಾನೋ, ಮನುಷ್ಯರ ಮುಖ ಮರೆತರೂ ಅವರ ಹಲ್ಲು ಮರೆಯುವುದಿಲ್ಲ. ಇಷ್ಟಕ್ಕೆ ಹನ್ನೆರಡು ಸಾವಿರ ಪಗಾರ. ಇದೇ ಕೆಲಸಕ್ಕೆ ರಾಯಬಾಗದಲ್ಲಿ ಹತ್ತು, ಅಥಣಿಯಲ್ಲಿ ಹನ್ನೊಂದು, ನಿಪ್ಪಾಣಿಯಲ್ಲಿ ಹೆದ್ದಾರಿ ಇದೆ ಎಂದೋ ಏನೋ ಹದಿನಾಲ್ಕು. ಕಾಗವಾಡದ ಸಂಭಾಜಿ ಸಾಹೇಬರು ಇಪ್ಪತ್ತೊಂದು ಕೊಡುತ್ತಾರೆ. ಅವರಿಗೆ ಬರುವುದೆಲ್ಲ ಗಡಿ ಆಚೆಯ ಕೆಲಸ, ಗಡಿ ಆಚೆಯ ದರ. ಮೊದಲು ಅಲ್ಲಿದ್ದ ಬೋರಗಾಂವದ ಭರತ ಈಗ ಪುಣೆಯಲ್ಲಿ ಮೂವತ್ತೈದು ತೆಗೆದುಕೊಳ್ಳುತ್ತಾನಂತೆ. ಅವನು ಎದ್ದು ಹೋದ ಕುರ್ಚಿಯೇ ನನ್ನದು.

ಬೀರದೇವಣ್ಣ ಸಿಟ್ಟಾಗಲಿಲ್ಲ. “ಅಷ್ಟ ಕೊಡೂದು ನನ್ನ ಕೈಲೆ ಆಗಂಗಿಲ್ಲೋ ಧರಣು. ನನ್ನ ಕಡೆ ಪಗಾರಾ ಕಡಿಮಿ, ಗಾಳಿ ಫುಕಟ್” ಎಂದು ನಕ್ಕರು. ಎರಡೂ ಕಿಟಕಿ ಸದಾ ತೆರೆದಿಡುವ ಮನುಷ್ಯ. ಲೋಹ ಉಜ್ಜುವಾಗ ನೀರು ಹಾಕಿಯೇ ಉಜ್ಜಬೇಕು, ಪುಡಿಯನ್ನು ಹಸಿ ಬ್ರಶ್ಶಿನಿಂದಲೇ ತೆಗೆಯಬೇಕು. ಬಾಯಿಂದ ಊದಿದರೆ ತಲೆಗೆ ಒಂದು ಬೀಳುತ್ತಿತ್ತು. ಹೀಗೆ ಮಾಡಿದರೆ ದಿನಕ್ಕೆ ಎಷ್ಟು ಹಲ್ಲು ಆದೀತು? ಪಗಾರ ಎಲ್ಲಿಂದ ಬಂದೀತು?

ಸಂಜೆ ನಮ್ಮೂರು ಉಗಾರಕ್ಕೆ ಬಂದು ಕೃಷ್ಣೆಗೆ ಇಳಿದೆ. ಮುಳುಗಿ ಎಷ್ಟು ಹೊತ್ತು ಕೂತಿದ್ದೆನೋ, ಮೇಲೆ ಬಂದಾಗ ದಂಡೆಯಲ್ಲಿ ಅವ್ವ ಬಾಯಿ ಬಡಿದುಕೊಳ್ಳುತ್ತಿದ್ದಳು. ನೀರಲ್ಲಿ ಉಸಿರು ಹಿಡಿಯುವುದರಲ್ಲಿ ನಮ್ಮ ಓಣಿಯಲ್ಲಿ ನನ್ನನ್ನು ಮೀರಿಸುವವರು ಇನ್ನೂ ಹುಟ್ಟಿಲ್ಲ.

ಒಂದೇ ವರ್ಷ ಕಾಗವಾಡ. ತಂಗಿ ಮಯೂರಿಯ ಮದುವೆ ಆಗಲಿ, ಆಮೇಲೆ ನಾನೂ ಪುಣೆ.

೩ ಜುಲೈ ೨೦೨೩

ಮೊದಲ ದಿನ. ಲ್ಯಾಬ್ ಇರುವುದು ಊರ ಹೊರಗೆ, ಹಿಂದೆ ಒಣದ್ರಾಕ್ಷಿ ತುಂಬಿಡುತ್ತಿದ್ದ ಶೆಡ್ಡಿನಲ್ಲಿ. ನೆಲದಿಂದ ಈಗಲೂ ಸಿಹಿ ವಾಸನೆ ಏಳುತ್ತದೆ. ನೊಣ ಬರಬಾರದೆಂದು ಆಗ ಕಿಟಕಿಗಳನ್ನು ಇಟ್ಟಿಗೆ ಇಟ್ಟು ಮುಚ್ಚಿದ್ದರು, ಮತ್ತೆ ತೆರೆದಿಲ್ಲ. ಮೂಲೆಯಲ್ಲಿ ಧೂಳು ಎಳೆಯುವ ದೊಡ್ಡ ಮಷೀನು. ಅದರ ಮೇಲೆ ಕೆಂಪು ಬಟ್ಟೆ ಹಾಸಿ, ಗಣಪತಿ ಫೋಟೋ ಇಟ್ಟು, ಮಾಲೆ ಹಾಕಿದ್ದಾರೆ. ಚಾಲೂ ಮಾಡಿದರೆ ಗಣಪತಿ ಗಡಗಡ ನಡುಗುತ್ತಾನಂತೆ, ಅದಕ್ಕೇ ಮಾಡುವುದಿಲ್ಲವಂತೆ. ನಾನು ಬಿದ್ದು ಬಿದ್ದು ನಕ್ಕೆ.

ಸಂಭಾಜಿ ಸಾಹೇಬರಿಗೆ ಮುಂದಿನ ಎರಡು ಹಲ್ಲು ಸ್ವಲ್ಪ ಅಗಲ, ನಕ್ಕರೆ ಸಣ್ಣ ಹುಡುಗನ ಹಾಗೆ ಕಾಣುತ್ತಾರೆ. “ಹಿ ಖುರ್ಚಿ ಲಕ್ಕೀ ಆಹೆ” ಎಂದು ಮರಾಠಿಯಲ್ಲಿ ಶುರು ಮಾಡಿ ಕನ್ನಡಕ್ಕೆ ಬಂದರು. “ಇದರ ಮ್ಯಾಲೆ ಕುಂತಾಂವ ಸೀದಾ ಪುಣೆಕ ಹೋಗ್ತಾನ.”

ಇಲ್ಲಿ ಎಲ್ಲರೂ ಒಣದಾಗಿಯೇ ಉಜ್ಜುತ್ತಾರೆ, ಊದುತ್ತಾರೆ. ಉಜ್ಜು, ಊದು, ಅಂಚು ನೋಡು. ಮತ್ತೆ ಉಜ್ಜು, ಊದು. ಉಳಿದವರು ಎರಡು ಸಲ ಊದಿದರೆ ನನ್ನದು ಒಂದೇ ಊದು, ಹಲ್ಲು ಚೊಕ್ಕ. ಸಾಹೇಬರು ನಿಂತು ನೋಡಿದರು. “ಇಂವಾ ಮಷೀನ್ ಅದಾನ” ಎಂದರು. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

೧೨ ನವೆಂಬರ್ ೨೦೨೩, ದೀಪಾವಳಿ

ನಸುಕಿನಲ್ಲಿ ಬಸದಿಗೆ ಹೋಗಿ ತೀರ್ಥಂಕರರ ನಿರ್ವಾಣದ ಲಾಡು ಅರ್ಪಿಸಿ ಬಂದೆವು. ಮಯೂರಿ ನಾನು ಕೊಡಿಸಿದ ಹೊಸ ಕಿವಿಯೋಲೆ ಹಾಕಿಕೊಂಡಿದ್ದಳು. ಅಪ್ಪ ಸಿಕ್ಕವರಿಗೆಲ್ಲ ನನ್ನ ಪಗಾರ ಹೇಳಿದ. ಇಪ್ಪತ್ತೊಂದು ಅವನ ಬಾಯಲ್ಲಿ ಇಪ್ಪತ್ತೈದು ಆಗಿ ಹೊರಬರುತ್ತದೆ.

ಪಟಾಕಿ ಹೊಗೆಗೆ ಕೆಮ್ಮು ಹತ್ತಿದೆ. ನದಿಗೆ ಇಳಿಯಲಿಲ್ಲ, ನೀರು ತಣ್ಣಗಿತ್ತು.

ನಮ್ಮ ಮನೆಯಲ್ಲಿ ಸೋಸದ ನೀರು ಯಾರ ಗಂಟಲಲ್ಲೂ ಇಳಿದಿಲ್ಲ. ಅವ್ವ ದಿನಾ ಬೆಳಿಗ್ಗೆ ನಳಕ್ಕೆ ಬಿಳಿ ಬಟ್ಟೆ ಕಟ್ಟಿ ನೀರು ಹಿಡಿದು, ಅದೇ ನೀರನ್ನು ನನ್ನ ಬಾಟಲಿಗೆ ತುಂಬಿ ಕಳಿಸುತ್ತಾಳೆ. ಇವತ್ತು ನನ್ನ ಅಂಗಿ ಒಗೆಯುತ್ತ ಬಕೆಟ್ಟಿನೊಳಗೆ ನೋಡಿದಳು.

“ಅಂಗಿ ಜಾಲಿಸಿದ್ರ ಬೂದಿ ಬೂದಿ ಇಳೀತೈತಿ ಧರಣೂ. ನಾ ನೀರ ಸೋಸಿ ಕೊಡ್ತೀನಿ. ನೀ ಉಸರ ಹೆಂಗ ಸೋಸಿ ತೊಗೋತಿ?”

“ಹಲ್ಲಿನ ಪುಡಿ ಅವ್ವಾ, ಹೊಲಸಲ್ಲ” ಎಂದೆ. ಅವ್ವನಿಗೆ ಎಲ್ಲದರಲ್ಲೂ ಹುಳ ಕಾಣುತ್ತದೆ.

೨೧ ಜನವರಿ ೨೦೨೪

ಮನೆಮಂದಿಯೆಲ್ಲ ಕುಂಭೋಜದ ಬಾಹುಬಲಿ ಗುಡ್ಡಕ್ಕೆ ಹೋಗಿದ್ದೆವು. ಮೆಟ್ಟಿಲು ಹತ್ತುವಾಗ ಅವ್ವ, ಅಪ್ಪನನ್ನು ಮುಂದೆ ಬಿಟ್ಟೆ. ಹಿರಿಯರನ್ನು ಹಿಂದೆ ಬಿಟ್ಟು ಓಡುವುದು ಸರಿಯಲ್ಲ. ನಡುವೆ ಎರಡು ಕಡೆ ಕೂತು ಕಬ್ಬಿನ ಬಯಲು ನೋಡಿದೆ. ಇಷ್ಟು ವರ್ಷ ಬಂದರೂ ಆ ನೋಟವನ್ನು ಸರಿಯಾಗಿ ನೋಡಿರಲಿಲ್ಲ. ಮಯೂರಿ ಮೇಲಿಂದ, “ಏನ ಅಣ್ಣಾ, ಮುದುಕ ಆದ್ಯಾ?” ಎಂದು ಕೂಗಿದಳು. ಅವಳ ಕೆಳಗಿನ ಸಾಲಿನಲ್ಲಿ ಒಂದು ಹಲ್ಲು ಸೊಟ್ಟ ಇದೆ. ಮದುವೆಗೆ ಮೊದಲು ಸರಿ ಮಾಡಿಸಬೇಕು.

೧೭ ಮಾರ್ಚ್ ೨೦೨೪, ಭಾನುವಾರ

ಇದನ್ನು ಬರೆಯಲೋ ಬೇಡವೋ ಎಂದು ಊಟವಾದಾಗಿನಿಂದ ಕೂತಿದ್ದೇನೆ.

ಪುಣೆಯ ಲ್ಯಾಬಿನ ವಿಳಾಸ ಕೇಳೋಣವೆಂದು ಬೋರಗಾಂವಕ್ಕೆ ಭರತನ ಮನೆಗೆ ಹೋದೆ. ಓಣಿ ತುಂಬ ಮಗ್ಗದ ಸದ್ದು. ಬಾಗಿಲಲ್ಲಿ ಅವನ ತಾಯಿ ನಿಂತಿದ್ದರು. “ಪುಣೆದಾಗ ಅದಾನಪ್ಪ, ಮೂವತ್ತೈದು ಸಾವಿರ ಐತಿ” ಎಂದು ಪಾಠ ಒಪ್ಪಿಸಿದ ಹಾಗೆ ಹೇಳಿದರು. ನಾನು ಕಾಗವಾಡ ಲ್ಯಾಬಿನವನು ಎಂದೆ. ಆಗ ಒಳಗಿನ ಖೋಲಿಯಿಂದ ಕೆಮ್ಮು ಕೇಳಿತು, ಅದರ ಹಿಂದೆಯೇ ಒಂದು ದನಿ. “ಬರ್ಲಿ ಬಿಡು ಯವ್ವಾ ಅಂವಾ.”

ಭರತ ಪುಣೆಗೆ ಹೋಗಿಯೇ ಇಲ್ಲ. ದಿಂಬುಗಳ ರಾಶಿಗೆ ಒರಗಿ ಕೂತಿದ್ದ. ಮಲಗಿದರೆ ಉಸಿರು ಸಿಗುವುದಿಲ್ಲವಂತೆ. ಮೂವತ್ತಾರು ವರ್ಷದವನ ಹೆಗಲು ಅಂಗಿ ನೇತುಹಾಕಿದ ಗೂಟದಂತಿತ್ತು. ಹಲ್ಲು ಮಾತ್ರ ಚೆನ್ನಾಗಿದ್ದವು. ಒಂದೊಂದು ಮಾತಿಗೂ ನಿಂತು ಗಾಳಿ ಎಳೆದುಕೊಳ್ಳುತ್ತಿದ್ದ.

“ಊದ್ತೀಯೇನು?” ಇದು ಅವನ ಮೊದಲ ಪ್ರಶ್ನೆ.

“ಎಲ್ಲಾರೂ ಊದ್ತಾರ.”

“ನೀ ಊದಿದ್ದು... ಅರ್ಧಾ ತಿರಗಿ ನಿನ್ನ ಒಳಗ ಹೋಗ್ತೈತಿ. ಲೋಹದ ಪುಡಿ, ಮರಳಿನ ಪುಡಿ. ಅಲ್ಲೇ ಕುಂದರ್ತೈತಿ. ಡಾಕ್ಟರ್ ಅಂದ್ರು, ಎದಿಯೊಳಗ ಕಲ್ಲ ಆಗೇತಿ ಅಂತ.” ಸ್ವಲ್ಪ ತಡೆದು, “ಆ ಗಣಪತಿನ ತಗದು... ಮಷೀನ್ ಹಚ್ಚಸು. ಇಲ್ಲಾಂದ್ರ ಬಿಡು ಆ ಕೆಲಸ” ಎಂದ.

ಪುಣೆ ಎಂದು ಯಾಕೆ ಹೇಳಿಸಿದಿರಿ ಎಂದು ಕೇಳಿದೆ. ಅವನ ತಂಗಿಗೆ ಗಂಡು ನೋಡುತ್ತಿದ್ದರಂತೆ. ಎದೆಯ ರೋಗ ಎಂದರೆ ಜನ ಕ್ಷಯ ಎನ್ನುತ್ತಾರೆ, ಕ್ಷಯದ ಮನೆಯ ಹೆಣ್ಣನ್ನು ಯಾರು ತರುತ್ತಾರೆ? ಮದುವೆ ಆಯಿತು. ಈಗ ಬೀಗರಿಗೂ ನಿಜ ಹೇಳಲಾಗದು. ಬಂದವರ ಮುಂದೆ ಅವನು ಪುಣೆಯಲ್ಲಿರುತ್ತಾನೆ. ಸಂಭಾಜಿ ಸಾಹೇಬರಿಗೂ ಈ ಮಾತು ಅನುಕೂಲವೇ ಆಯಿತು.

“ನಾನೂ ಒಂದ ವರ್ಷಕ್ಕಂತ ಹೋಗಿದ್ದೆ” ಎಂದ.

ಎದ್ದು ಹೊರಡುವಾಗ, “ಪಗಾರಾ ಕಡೀತನಕಾ ಟೈಮಿಗೆ ಹಾಕಿದ್ರಿಲ್ಲೋ?” ಎಂದು ಕೇಳಿದೆ. ಅದಕ್ಕೆ ಅವನು ನಕ್ಕ. ನಕ್ಕು ನಕ್ಕು ಕೆಮ್ಮು ಹತ್ತಿ, ತಾಯಿ ಓಡಿ ಬಂದು ಬೆನ್ನು ತಿಕ್ಕಬೇಕಾಯಿತು. ಯಾಕೆ ಅಷ್ಟು ನಗು ಬಂತೋ.

ದಾರಿಯುದ್ದಕ್ಕೂ ಭಯವಾಗುತ್ತಿತ್ತು. ಮನೆ ಸಮೀಪ ಬಂದಾಗ ಒಂದು ವಿಷಯ ಹೊಳೆಯಿತು. ಅವರದು ಮಗ್ಗದ ಮನೆ. ಹುಟ್ಟಿದಾಗಿನಿಂದ ಹತ್ತಿಯ ಧೂಳು ಕುಡಿದ ಎದೆ ಅದು. ನಾವು ಕಬ್ಬಿನ ಗದ್ದೆಯವರು, ನನ್ನದು ಕೃಷ್ಣೆಯಲ್ಲಿ ಮುಳುಗಿದ ಎದೆ.

೧೮ ಮಾರ್ಚ್ ೨೦೨೪

ಆದರೂ ಸಾಹೇಬರ ಹತ್ತಿರ ಮಾತೆತ್ತಿದೆ. ಮಷೀನು ಚಾಲೂ ಮಾಡೋಣ್ರಿ ಎಂದೆ. ಭರತನನ್ನು ನೋಡಿ ಬಂದದ್ದನ್ನು ಹೇಳಲಿಲ್ಲ. ಅವರು ಗಣಪತಿಯ ಮಾಲೆ ಸರಿ ಮಾಡಿದರು.

“ಅದರ ಮೋಟಾರ್ ಸುಟ್ಟೈತಿ. ಹೊಸಾದಕ್ಕ ಲಕ್ಷದ ಮ್ಯಾಲ ಆಗ್ತೈತಿ” ಎಂದರು. ಮತ್ತೆ ಆ ಸಣ್ಣ ಹುಡುಗನ ನಗು. “ಅದರಕಿಂತಾ ನಿನ್ನ ಪಗಾರಾ ಜಾಸ್ತಿ ಮಾಡ್ತೀನಿ ತೊಗೋ. ಮುಂದಿನ ತಿಂಗಳಿಂದ ಇಪ್ಪತ್ತನಾಲ್ಕ. ಯಾರ ಮುಂದೂ ಹೇಳಬ್ಯಾಡ.”

ಕೇಳಿದ್ದು ಒಂದು, ಸಿಕ್ಕಿದ್ದು ಇನ್ನೊಂದು. ಸಿಕ್ಕಿದ್ದೇನೂ ಕೆಟ್ಟದ್ದಲ್ಲ. ಮಾಸ್ಕ್ ನಾನೇ ತಂದುಕೊಳ್ಳುತ್ತೇನೆ.

೩೦ ಏಪ್ರಿಲ್ ೨೦೨೪

ಮಾಸ್ಕ್ ಹಾಕಿದರೆ ಊದಲು ಬರುವುದಿಲ್ಲ. ಈ ಬಿಸಿಲಿಗೆ ತಗಡಿನ ಪತ್ರಾ ಶೆಡ್ಡಿನಲ್ಲಿ ಮುಖ ಬೆಂದು ಹೋಗುತ್ತದೆ. ಬ್ಯಾಗಿನಲ್ಲಿಟ್ಟಿದ್ದೇನೆ.

೮ ಜುಲೈ ೨೦೨೪

ವರ್ಷ ಆಯಿತು. ಮಯೂರಿಗೆ ಇನ್ನೂ ಸರಿಯಾದ ಗಂಡಿನ ಸ್ಥಳ ಬಂದಿಲ್ಲ. ಅದಕ್ಕೇ ಇನ್ನೊಂದು ವರ್ಷ.

ಈಗ ನಾನು ಬ್ರಶ್ ಬಳಸುತ್ತೇನೆ. ಊದುವುದಕ್ಕಿಂತ ಬ್ರಶ್ಶೇ ಚೊಕ್ಕ, ಬೀರದೇವಣ್ಣ ಹೇಳಿದ್ದು ಸುಳ್ಳಲ್ಲ. ಊದಿದರೆ ಈಗ ನಾಲ್ಕು ಸಲ ಊದಬೇಕು, ಹೊತ್ತು ಹಾಳು. ಮೂಲೆಯ ಕುರ್ಚಿಯ ಹುಡುಗಿ ಸುಂದರಾ, “ಯಾಕ್ರಿ, ನಿಮ್ಮ ಮಷೀನ್ ಕೆಟ್ಟೈತೇನ?” ಎಂದು ಚೇಷ್ಟೆ ಮಾಡಿದಳು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಹೊಳೆ ಈ ವರ್ಷ ಬಹಳ ಅಗಲವಾಗಿದೆ. ಈಜಿ ದಾಟುವ ಮಾತೇ ಇಲ್ಲ.

೧೯ ಸೆಪ್ಟೆಂಬರ್ ೨೦೨೪

ಬೋರಗಾಂವದಿಂದ ಭರತನ ತಾಯಿ ಫೋನ್ ಮಾಡಿದ್ದರು. ಭರತ ಹೋದನಂತೆ, ಸೋಮವಾರವೇ. ಅಳಲಿಲ್ಲ. “ಅಂವಾ ನಿನ್ನ ನೆನಸತಿದ್ದ, ಅದಕ್ಕ ತಿಳಸಿದ್ನಿ” ಎಂದರು.

ಲ್ಯಾಬಿನಲ್ಲೂ ಸುದ್ದಿ ಬಂದಿತ್ತು. ಸಾಹೇಬರು ಎಲ್ಲರನ್ನೂ ಎರಡು ನಿಮಿಷ ಎಬ್ಬಿಸಿ ನಿಲ್ಲಿಸಿದರು. “ಪುಣೆದಾಗ ಏನೋ ಆಕ್ಸಿಡೆಂಟ್ ಆತಂತ. ಭಾಳ ಛಲೋ ಹುಡಗ” ಎಂದರು. ಸುಂದರಾ ನನ್ನ ಕಡೆ ತಿರುಗಿ, “ಗಾಡಿ ಮ್ಯಾಲ ಹೊಂಟಿದ್ನೇನ್ರಿ?” ಎಂದು ಕೇಳಿದಳು.

“ಹೌದಂತ” ಎಂದೆ.

ಮಧ್ಯಾಹ್ನ ಹನ್ನೊಂದು ಹಲ್ಲು ಮುಗಿಸಿದೆ. ಊಟ ಸೇರಲಿಲ್ಲ.

೨ ನವೆಂಬರ್ ೨೦೨೪

ಈ ದೀಪಾವಳಿಗೆ ಲಾಡು ಅರ್ಪಿಸಲು ಅಪ್ಪ ಒಬ್ಬನೇ ಹೋದ. ನನಗೆ ನಿದ್ದೆ.

೨೪ ನವೆಂಬರ್ ೨೦೨೪

ಮಲಗಲು ಎರಡು ದಿಂಬು ಬೇಕು.

೧೧ ಡಿಸೆಂಬರ್ ೨೦೨೪

ಮಯೂರಿ ಜಗಳ ಮಾಡಿ ಅಥಣಿಯ ಎದೆ ಡಾಕ್ಟರ ಬಳಿ ಕರೆದುಕೊಂಡು ಹೋದಳು. ಡಾಕ್ಟರು ಹೆಂಗಸು, ವಯಸ್ಸಾದವರು, ಮೇಲಿನ ಎಡಗಡೆಯ ಹಲ್ಲಿಗೆ ಒಂದು ಕ್ಯಾಪ್ ಇತ್ತು. ಕೆಲಸ ಒರಟು. ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿದರು.

“ಕಲ್ಲಿನ ಖಣಿಯೊಳಗ ಕೆಲಸಾ ಮಾಡ್ತೀರೇನು?”

“ಇಲ್ರಿ, ಹಲ್ಲ ಮಾಡ್ತೀನ್ರಿ.”

ಅವರು ಕೂತರು. ಕ್ಷಯ ಅಲ್ಲ ಎಂದರು. ನನಗೆ ಎಷ್ಟು ಸಮಾಧಾನ ಆಯಿತೆಂದರೆ ಮಯೂರಿಯ ಕಡೆ ನೋಡಿ ನಕ್ಕೆ. ಅವಳು ನಗಲಿಲ್ಲ, ಡಾಕ್ಟರನ್ನೇ ನೋಡುತ್ತಿದ್ದಳು. “ಕ್ಷಯ ಆಗಿದ್ರ ಔಷಧ ಇತ್ತು” ಎಂದರು ಡಾಕ್ಟರು. “ಇದು ಧೂಳ. ಒಳಗ ಹೋದದ್ದು ಹೊರಗ ಬರಂಗಿಲ್ಲ. ನಾಳಿಂದ ಆ ಕೆಲಸಕ್ಕ ಹೋಗಬ್ಯಾಡ್ರಿ, ಉಳದಷ್ಟಾದ್ರೂ ಉಳೀತೈತಿ.”

ಹೊರಗೆ ಬಂದ ಮೇಲೆ ಮಯೂರಿ ಬಸ್‌ಸ್ಟ್ಯಾಂಡಿನಲ್ಲಿ ಅತ್ತಳು, ಜನ ನೋಡುವ ಹಾಗೆ. ನನಗೆ ಅವಳ ಸೊಟ್ಟ ಹಲ್ಲು ಕಂಡಿತು. ನಾನೇ ಸರಿ ಮಾಡಿಸುತ್ತೇನೆ ಎಂದಿದ್ದೆ.

೧೨ ಡಿಸೆಂಬರ್ ೨೦೨೪

ಸಾಹೇಬರಿಗೆ ಫೋನ್ ಮಾಡಿ ಬಿಡುತ್ತೇನೆಂದೆ. ಯಾಕೆ ಎಂದು ಕೇಳಲಿಲ್ಲ. “ಪುಣೆಕ ಹೊಂಟಿ ಹೌದಿಲ್ಲೋ?” ಎಂದರು. ಎಷ್ಟು ಮೆತ್ತಗೆ ಕೇಳಿದರು.

ನಾನು ಉಸಿರು ತೆಗೆದುಕೊಳ್ಳುತ್ತಿದ್ದೆ, ಅಷ್ಟೇ. ಅವರು “ಛಲೋ ಆತು” ಎಂದು ಇಟ್ಟರು.

೧೯ ಜನವರಿ ೨೦೨೫

ರಾಯಬಾಗದಿಂದ ಮಯೂರಿಗೆ ಸ್ಥಳ ಬಂದಿದೆ. ಗಂಡು ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್, ಒಳ್ಳೆಯ ಮನೆ. ಮಧ್ಯಸ್ಥಿಕೆ ಮಾಡುವ ಗಂಡಿನ ಸೋದರಮಾವ ಇವತ್ತು ಮಾತಾಡಲು ಬಂದಾಗ ಅವ್ವ ನನ್ನನ್ನು ಒಳಗಿನ ಖೋಲಿಗೆ ಕಳಿಸಿ ಬಾಗಿಲು ಎಳೆದಳು. ಸೋಸುವ ಹೊಸ ಬಟ್ಟೆಯನ್ನು ಎರಡು ಮಡಿಕೆ ಮಡಚಿ ಕೈಗೆ ಕೊಟ್ಟಳು, ಕೆಮ್ಮು ಬಂದರೆ ಬಾಯಿಗೆ ಒತ್ತಿಕೊಳ್ಳಲು.

“ಧರಣೇಂದ್ರ ಕಾಣವಲ್ಲ?” ಎಂದು ಆತ ಕೇಳಿದ್ದು ಕೇಳಿಸಿತು.

“ಪುಣೆಕ ಹೋಗ್ಯಾನ. ನಲವತ್ತ ಸಾವಿರ ಕೊಡ್ತಾರ” ಎಂದ ಅಪ್ಪ. ಭರತನಿಗಿಂತ ಐದು ಸಾವಿರ ಜಾಸ್ತಿ. ನಮ್ಮಪ್ಪ ಯಾವತ್ತೂ ಹೀಗೆಯೇ.

ಬಟ್ಟೆ ಒತ್ತಿಕೊಂಡು ಕೂತೆ. ಕಣ್ಣಲ್ಲಿ ನೀರು ಬಂತು, ಕೆಮ್ಮಿಗಲ್ಲ.

ಅವರು ಹೋದ ಮೇಲೆ ಮಯೂರಿ ಬಂದು ಬಾಗಿಲು ಪೂರ್ತಿ ತೆರೆದಳು. “ನನ್ನ ಸಲುವಾಗಿ ನೀ ಪುಣೆಕ ಹೋಗಬ್ಯಾಡ ಅಣ್ಣಾ” ಎಂದಳು. ಅವ್ವ ಅವಳನ್ನು ಬೈದಳು. ವಯಸ್ಸು ಇಪ್ಪತ್ತೇಳು ಆಯಿತು, ಇಂಥ ಸ್ಥಳ ಮತ್ತೆ ಬರುವುದಿಲ್ಲ. ಅವ್ವ ಹೇಳುವುದೂ ಸುಳ್ಳಲ್ಲ.

೫ ಫೆಬ್ರುವರಿ ೨೦೨೫

ಮಧ್ಯಾಹ್ನ ಗುರುತಿಲ್ಲದ ನಂಬರಿನಿಂದ ಫೋನ್ ಬಂತು. ಎಳೆಯ ದನಿ.

“ಧರಣೇಂದ್ರಣ್ಣ ಏನ್ರಿ? ನಾ ನಿಖಿಲ ಅಂತ್ರಿ, ರಾಯಬಾಗದಾಂವ. ಸೋಮವಾರದಿಂದ ಕಾಗವಾಡದಾಗ ನಿಮ್ಮ ಕುರ್ಚಿಗೆ ನಾ ಬರಾಕತ್ತೀನ್ರಿ. ನೀವು ಪುಣೆದಾಗ ಅದೀರಂತ ಸಾಹೇಬ್ರ ಹೇಳಿದ್ರು. ಅಲ್ಲೆ ಎಷ್ಟ ಕೊಡ್ತಾರ್ರಿ?”

ರಾಯಬಾಗ. ಮಯೂರಿಯನ್ನು ನೋಡಲು ಈ ಭಾನುವಾರ ಬರುವವರೂ ಅಲ್ಲಿಯವರೇ. ಸಣ್ಣ ಊರು, ಅದರಲ್ಲೂ ನಮ್ಮ ಜನ ಎಲ್ಲ ಒಂದೇ ಬಸದಿಗೆ ಬರುವವರು. ಇವನಿಗೆ ನಿಜ ಹೇಳಿದರೆ ಸಂಜೆಯೊಳಗೆ ಅವರ ಮನೆಯಲ್ಲಿರುತ್ತದೆ. ನಲವತ್ತು ಎಂದು ಹೇಳಿ ಇಟ್ಟುಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆಗ ಅವನು ಮಾತಿನ ನಡುವೆ ಉಸಿರು ಎಳೆದುಕೊಂಡದ್ದು ಕೇಳಿಸಿತು. ಸದ್ದಿಲ್ಲದೆ, ಒಂದೇ ಸಲಕ್ಕೆ. ನನಗೆ ಹೊಟ್ಟೆಕಿಚ್ಚಾಯಿತು, ಆಮೇಲೆ ಭಯವಾಯಿತು.

ಎಲ್ಲ ಹೇಳಿದೆ. ಪುಣೆ ಇಲ್ಲ, ಉಗಾರದ ಒಳಖೋಲಿ ಇದೆ ಎಂದು. ಭರತನ ವಿಷಯ, ಮಷೀನಿನ ವಿಷಯ, ಎಕ್ಸ್‌ರೇ. ನಡುನಡುವೆ ನಿಂತು ಹೇಳಬೇಕಾಯಿತು. ಅವನು ಕಾದ, ಒಳ್ಳೆಯ ಹುಡುಗ.

ಆಮೇಲೆ, “ಅಣ್ಣಾ, ಪಗಾರಾ ಟೈಮಿಗೆ ಹಾಕ್ತಾರ್ರಿ?” ಎಂದ.

ಬೋರಗಾಂವದಲ್ಲಿ ಭರತ ನಕ್ಕದ್ದು ಇದಕ್ಕೇ ಎಂದು ಈಗ ತಿಳಿಯಿತು. ನನಗೆ ನಗಲು ಎದೆಯಲ್ಲಿ ಜಾಗ ಇರಲಿಲ್ಲ.

“ಹಾಕ್ತಾರ” ಎಂದೆ. ಅದು ನಿಜವೇ. “ಆದ್ರ ಕುರ್ಚಿ ಮ್ಯಾಲ ಕುಂದ್ರೂಕಿಂತ ಮದಲ ಐತವಾರ ನಮ್ಮ ಮನಿಗಿ ಬಾ. ಕಣ್ಣಲೆ ನೋಡು. ಇಲ್ಲಾಂದ್ರ ಚಿಕ್ಕೋಡಿಗಿ ಬೀರದೇವಣ್ಣನ ಕಡೆ ಹೋಗು, ಹನ್ನೆರಡ ಕೊಡ್ತಾರ. ಕಿಟಕಿ ಅದಾವ.”

“ಬರ್ತೀನ್ರಿ ಅಣ್ಣಾ” ಎಂದ. “ನಾ ಏನ್ ಭಾಳ ದಿನಾ ಇರಾಂವ ಅಲ್ರಿ. ಒಂದ ವರ್ಷ ಅಷ್ಟ.”

ತಿರುಗಿ ನೋಡಿದರೆ ಅವ್ವ ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ತಂಬಿಗೆ ಕೆಳಗಿಟ್ಟು, “ಐತವಾರ ಅವ್ರೂ ಬರ್ತಾರಲ್ಲೋ” ಎಂದಳು. ನಾನು ಹೊರಗೆ ಪಡಸಾಲೆಯಲ್ಲೇ ಕೂರುತ್ತೇನೆ ಎಂದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ನನ್ನ ತಲೆಯ ಮೇಲೆ ಕೈಯಿಟ್ಟಳು.

೯ ಫೆಬ್ರುವರಿ ೨೦೨೫, ಭಾನುವಾರ

ಪಡಸಾಲೆಯಲ್ಲಿ ಕೂತಿದ್ದೆ. ರಾಯಬಾಗದವರು ಬಂದರು, ನನ್ನನ್ನು ನೋಡಿದರು, ಚಹಾ ಕುಡಿದರು. ತಿಳಿಸುತ್ತೇವೆ ಎಂದು ಹೋದರು. ಮಯೂರಿ ಬಂದು ಪಕ್ಕದಲ್ಲಿ ಕೂತಳು. ಅಪ್ಪ ಯಾರಿಗೂ ಪಗಾರ ಹೇಳಲಿಲ್ಲ.

ಕತ್ತಲಾಗುವವರೆಗೆ ದಾರಿ ನೋಡಿದೆ. ನಿಖಿಲ ಬರಲಿಲ್ಲ.

೧೦ ಫೆಬ್ರುವರಿ, ಸೋಮವಾರ

ಹನ್ನೊಂದಕ್ಕೆ ಲ್ಯಾಬಿಗೆ ಫೋನ್ ಹಚ್ಚಿದೆ. ಫೋನು ಇರುವುದು ನನ್ನ ಮೇಜಿನ ಮೇಲೆ. ಎತ್ತಿದವನು ಕೂಡಲೇ ಮಾತಾಡಲಿಲ್ಲ. ಮೊದಲು ಊದಿದ.

ಒಂದೇ ಊದು. ಹಲ್ಲು ಚೊಕ್ಕ ಆಗಿರಬೇಕು.